ಘಟ್ಟ ಏರಿ ಬಂದವರಿಗೊಂದು ಗುರುತು



ಮಾರಿಷಸ್ ದ್ವೀಪದ ನೈಋತ್ಯ ಮೂಲೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಬೆಟ್ಟವಿದೆ. ಅದರ ಹೆಸರು ಲೆ ಮೋರ್ನ್. ಎತ್ತರ 556 ಮೀಟರ್. ಸಹ್ಯಾದ್ರಿಯನ್ನು ದಿನಾ ನೋಡುವವರಿಗೆ ದೊಡ್ಡದೆನಿಸದು. ಆದರೆ ಅದರ ಗೋಡೆಗಳು ನೆಟ್ಟಗೆ ಮೇಲೆದ್ದ ಜ್ವಾಲಾಮುಖಿಯ ಬಂಡೆ. ಕೆಳಗೆ ಹವಳದ ದಿಬ್ಬಗಳ ಒಳಗೆ ತಿಳಿನೀಲಿ ನೀರು. ಮದುವೆಯಾದ ಹೊಸತರಲ್ಲಿ ಮಾರಿಷಸ್‌ಗೆ ಹೋಗಿಬರುವ ನಮ್ಮ ಕಡೆಯ ಜೋಡಿಗಳ ಫೋಟೊಗಳಲ್ಲಿ ಈ ಬೆಟ್ಟ ಎಷ್ಟೋ ಸಲ ಹಿನ್ನೆಲೆಯಾಗಿ ಬಂದಿದೆ. ಅದೇನು ಬೆಟ್ಟವೆಂದು ಕೇಳಿದವರು ಕಡಿಮೆ.

ಅದು ಓಡಿಹೋದ ಗುಲಾಮರ ಬೆಟ್ಟ. ಕಬ್ಬಿನ ತೋಟಗಳಿಂದ, ಯಜಮಾನರ ಮನೆಗಳಿಂದ ತಪ್ಪಿಸಿಕೊಂಡವರು ಅದರ ಗವಿಗಳಲ್ಲಿ, ತುದಿಯ ಹರವಿನಲ್ಲಿ ಅಡಗಿ ಬದುಕಿದರು. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2009ರ ಫೆಬ್ರವರಿ 1ರಂದು ಬೆಟ್ಟದ ಬುಡದಲ್ಲಿ ಅಂತರರಾಷ್ಟ್ರೀಯ ಗುಲಾಮ ಮಾರ್ಗದ ಸ್ಮಾರಕ ಉದ್ಘಾಟನೆಯಾಯಿತು. ಸ್ಮಾರಕವೆಂದರೆ ಎತ್ತರದ ಕಂಬ, ಕಬ್ಬಿಣದ ಗೇಟು, ಕಾರಂಜಿ ಎಂದುಕೊಂಡು ಹೋದವರಿಗೆ ಅಲ್ಲಿ ಅಂಥದ್ದೇನೂ ಸಿಗುವುದಿಲ್ಲ. ಸಮುದ್ರಕ್ಕೂ ಬೆಟ್ಟಕ್ಕೂ ನಡುವಿನ ಬಯಲಿನಲ್ಲಿ ಕೆತ್ತಿದ ಕಲ್ಲುಗಳಿವೆ. ನಡುವೆ ಒಂದು, ಸುತ್ತ ಕೆಲವು. ಗುಲಾಮರನ್ನು ಹಿಡಿದು ತಂದ ನಾಡುಗಳನ್ನು ಅವು ನೆನಪಿಸುತ್ತವೆ: ಮಡಗಾಸ್ಕರ್, ಮೊಜಾಂಬಿಕ್. ಆ ಸಾಲಿನಲ್ಲಿ ಭಾರತವೂ ಇದೆ.

ಈ ಕಡೆಯ ಮಾತು ನಮ್ಮಲ್ಲಿ ಅನೇಕರಿಗೆ ಹೊಸದು. ಮಾರಿಷಸ್‌ಗೆ ಭಾರತೀಯರು ಹೋದದ್ದು ಕೂಲಿ ಕರಾರಿನ ಮೇಲೆ, 1834ರ ನಂತರ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ವರ್ಷದ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗಿನಲ್ಲಿ 36 ಮಂದಿ ಬಂದಿಳಿದರು, ಮುಂದೆ ಲಕ್ಷಗಟ್ಟಲೆ ಜನ ಬಂದರು, ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ ಆ ಕಥೆಯ ಸ್ಮಾರಕ. ಅದು ನಿಜ. ಆದರೆ ಅದಕ್ಕೂ ಮೊದಲು, ಫ್ರೆಂಚರ ಕಾಲದಲ್ಲೇ, ನಮ್ಮ ಕರಾವಳಿಗಳಿಂದ ಕೂಡ ಮನುಷ್ಯರನ್ನು ಕೊಂಡು ಅಲ್ಲಿಗೆ ಸಾಗಿಸಲಾಗಿತ್ತು. ಹಿಂದೂ ಮಹಾಸಾಗರದಲ್ಲಿ ಮನುಷ್ಯರ ವ್ಯಾಪಾರ ಒಂದೇ ದಿಕ್ಕಿಗೆ ಹರಿದದ್ದಲ್ಲ. ಆಫ್ರಿಕದವರನ್ನು ಗೋವೆಗೆ ತಂದ ನೀರಿನ ಮೇಲೆಯೇ ಭಾರತದವರನ್ನು ಬೇರೆ ದ್ವೀಪಗಳಿಗೆ ಒಯ್ದರು.

ಲೆ ಮೋರ್ನ್‌ಗೆ ಓಡಿದವರು ಯಾವುದಕ್ಕೆ ಹೆದರಿ ಓಡಿದರು, ಯಾವುದಕ್ಕೆ ಹೆದರದೆ ಓಡಿದರು ಎಂಬೆರಡನ್ನೂ ತಿಳಿಯಬೇಕು. 1723ರಲ್ಲಿ ಫ್ರಾನ್ಸಿನ ದೊರೆ ಈ ದ್ವೀಪಗಳಿಗೆ ಜಾರಿಮಾಡಿದ ಗುಲಾಮ ಕಾನೂನಿನಲ್ಲಿ ತಪ್ಪಿಸಿಕೊಂಡವರಿಗೆ ಶಿಕ್ಷೆ ಬರೆದಿತ್ತು. ತಿಂಗಳು ಕಳೆದರೂ ಮರಳದೆ ಸಿಕ್ಕಿಬಿದ್ದವನ ಕಿವಿ ಕತ್ತರಿಸಿ ಹೆಗಲಿಗೆ ಬರೆ ಹಾಕಬೇಕು. ಎರಡನೆಯ ಸಲವಾದರೆ ಕಾಲಿನ ಸ್ನಾಯು ಕಡಿಯಬೇಕು. ಮೂರನೆಯ ಸಲಕ್ಕೆ ಮರಣ. ಎರಡನೆಯ ಸಲ, ಮೂರನೆಯ ಸಲ ಎಂದು ಕಾನೂನಿನಲ್ಲಿ ಬರೆಯಬೇಕಾಯಿತು ಎಂಬುದನ್ನು ಗಮನಿಸಿ. ಕಿವಿ ಕಳೆದುಕೊಂಡ ಮೇಲೂ ಓಡುವವರಿದ್ದರು.

1835ರ ಫೆಬ್ರವರಿ 1ರಂದು ಬ್ರಿಟಿಷರ ಆಡಳಿತದಲ್ಲಿ ಮಾರಿಷಸ್‌ನಲ್ಲಿ ಗುಲಾಮಗಿರಿ ಮುಗಿಯಿತು. ಬ್ರಿಟಿಷ್ ಸಂಸತ್ತು ತನ್ನ ವಸಾಹತುಗಳಿಗೆಲ್ಲ ಸೇರಿ 2 ಕೋಟಿ ಪೌಂಡು ಪರಿಹಾರ ತೆಗೆದಿರಿಸಿತು. ಮಾರಿಷಸ್‌ನ ಪಾಲು 20 ಲಕ್ಷ ಪೌಂಡಿಗೂ ಹೆಚ್ಚು. ಹಣ ಹೋದದ್ದು ಯಜಮಾನರಿಗೆ, ಅವರ ಆಸ್ತಿ ನಷ್ಟವಾಯಿತೆಂಬ ಲೆಕ್ಕದಲ್ಲಿ. ಬೆನ್ನ ಮೇಲೆ ಬರೆ ಹೊತ್ತವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಆ ಪರಿಹಾರಕ್ಕೆಂದು ಎತ್ತಿದ ಸಾಲವನ್ನು ಬ್ರಿಟನ್ನಿನ ಖಜಾನೆ ತೀರಿಸಿ ಮುಗಿಸಿದ್ದು 2015ರಲ್ಲಿ. ಅಂದರೆ ಇಲ್ಲಿ ಕುಳಿತಿರುವ ಹೈಸ್ಕೂಲು ಮಕ್ಕಳು ಹುಟ್ಟಿದ ಆಸುಪಾಸಿನಲ್ಲಿ.

ಬಿಡುಗಡೆಯ ಸುದ್ದಿ ಹೇಳಲು ಸಿಪಾಯಿಗಳ ತಂಡವೊಂದು ಲೆ ಮೋರ್ನ್ ಹತ್ತಿತಂತೆ. ಮೇಲಿದ್ದವರು ಸಮವಸ್ತ್ರಗಳನ್ನು ನೋಡಿದರು. ಮತ್ತೆ ಹಿಡಿದೊಯ್ಯಲು ಬಂದರು ಎಂದುಕೊಂಡರು. ಸರಪಳಿಗೆ ಕೈಕೊಡುವುದಕ್ಕಿಂತ ಇದೇ ವಾಸಿ ಎಂದು ಬಂಡೆಯ ಅಂಚಿನಿಂದ ಹಾರಿದರು. ಮಾರಿಷಸ್‌ನ ಕ್ರಿಯೋಲ್ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ ಇದು. ಬರಹದ ದಾಖಲೆಯಲ್ಲಿ ಇದಕ್ಕೆ ಸಾಕ್ಷಿ ಗಟ್ಟಿಯಾಗಿಲ್ಲ. ಓಡಿಹೋದವರು ಆ ಬೆಟ್ಟದಲ್ಲಿ ನೆಲೆಸಿದ್ದರು ಎಂಬುದಕ್ಕೆ ಪುರಾವೆಯಿದೆ; ಹಾರಿದ ಆ ದಿನಕ್ಕೆ ಬಾಯಿಮಾತೇ ಆಧಾರ. ಆದರೂ ಒಂದು ದೇಶ ಆ ಬಾಯಿಮಾತನ್ನು ನಂಬಿ ಬೆಟ್ಟವನ್ನೇ ಸ್ಮಾರಕ ಮಾಡಿತು. ಫೆಬ್ರವರಿ 1 ಅಲ್ಲಿ ರಾಷ್ಟ್ರೀಯ ರಜೆ. ಆ ದಿನ ಸರ್ಕಾರದವರು ಬೆಟ್ಟದ ಬುಡಕ್ಕೆ ಬಂದು ಹೂ ಇಡುತ್ತಾರೆ. ಕಾಗದವಿಲ್ಲದವರ ಮಾತಿಗೆ ಕಾಗದದಷ್ಟೇ ಬೆಲೆ ಕೊಟ್ಟ ಈ ನಿರ್ಧಾರವೇ ಲೆ ಮೋರ್ನ್‌ನಲ್ಲಿ ಕಲಿಯಬೇಕಾದ ದೊಡ್ಡ ಸಂಗತಿ.

ಸಾಂಬ್ರಾಣಿಯಲ್ಲಿ ಕುಳಿತು ಇದನ್ನೆಲ್ಲ ಏಕೆ ಕೇಳಬೇಕು? ಈ ಊರಿನ ಸುತ್ತಲಿನ ಕಾಡು ಕೂಡ ಅಂಥದ್ದೇ ಕಾಡು. ಹಳಿಯಾಳದ ಗರಡೊಳ್ಳಿ, ಮುಂಡಗೋಡದ ಮೈನಳ್ಳಿ ಮತ್ತು ಗುಂಜಾವತಿ, ಯಲ್ಲಾಪುರದ ಮಂಚಿಕೇರಿ, ಇನ್ನು ಜೋಯಿಡಾ, ಅಂಕೋಲೆ, ಶಿರಸಿ, ಗಡಿಯಾಚೆಯ ಕಲಘಟಗಿ, ಖಾನಾಪುರ. ಈ ಸುತ್ತಳತೆಯಲ್ಲಿ ಆಫ್ರಿಕದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ತಲೆಮಾರುಗಳಿಂದ ಬದುಕಿದ್ದಾರೆ; ಇವರೇ ಸಿದ್ದಿಗಳು. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ, ಕೆಲವು ಮನೆಗಳಲ್ಲಿ ಉರ್ದು, ಮರಾಠಿ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಮತಗಳಲ್ಲಿ ಸಿದ್ದಿಗಳಿದ್ದಾರೆ. ಇವರ ಹಿರಿಯರು ಪಟ್ಟ ಪಾಡಿಗೆ ನಮ್ಮ ದೇಶದಲ್ಲಿ ಒಂದು ರಾಷ್ಟ್ರೀಯ ಸ್ಮಾರಕವಿಲ್ಲ. ಈ ಉಪನ್ಯಾಸದ ವಿಷಯ ಇದೇ.

ಕಥೆ ಗೋವೆಯಿಂದ ಶುರುವಾಗಬೇಕು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಆಫ್ರಿಕದ ಪೂರ್ವ ತೀರದಲ್ಲಿ ಪೋರ್ಚುಗೀಸರಿಗೆ ಮೊಜಾಂಬಿಕ್ ದ್ವೀಪ ಎಂಬ ಠಾಣ್ಯವಿತ್ತು. ಲಿಸ್ಬನ್ನಿನ ಹಡಗುಗಳು ಅಲ್ಲಿ ತಂಗಿ, ಮುಂಗಾರಿನ ಗಾಳಿ ಹಿಡಿದು ಸೆಪ್ಟೆಂಬರ್ ಹೊತ್ತಿಗೆ ಮಾಂಡವಿ ನದಿಯ ಬಾಯಿಗೆ ಬರುತ್ತಿದ್ದವು. ನಮ್ಮ ರೈತರು ಭತ್ತಕ್ಕೆ ಕಾಯುವ ಅದೇ ಗಾಳಿ ಮನುಷ್ಯರನ್ನು ಮಾರಾಟಕ್ಕೆ ತಂದಿತು.

ಹಳೆ ಗೋವೆಯ ರುವಾ ದಿರೈತ ಎಂಬ ನೇರ ಬೀದಿ ಆಗ ಏಷ್ಯದ ಹೆಸರಾಂತ ಪೇಟೆಗಳಲ್ಲೊಂದು. 1583ರಿಂದ 1588ರವರೆಗೆ ಅಲ್ಲಿ ಆರ್ಚ್‌ಬಿಷಪ್‌ರ ಕಾರ್ಯದರ್ಶಿಯಾಗಿದ್ದ ಡಚ್ಚಿನ ಲಿನ್‌ಸ್ಖೋಟನ್, 1608ರಲ್ಲಿ ಸೆರೆಯಾಳಾಗಿ ಬಂದಿಳಿದ ಫ್ರೆಂಚ್ ನಾವಿಕ ಪಿರಾರ್ ಇಬ್ಬರೂ ಆ ಬೀದಿಯ ಹರಾಜನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಬೆಳಗಿನ ಹೊತ್ತು ಅಲ್ಲಿ ಒಡವೆ, ರತ್ನಗಂಬಳಿ, ಕುದುರೆಗಳ ಜೊತೆಗೆ ಗಂಡಸರು, ಹೆಂಗಸರು, ಮಕ್ಕಳನ್ನೂ ಕೂಗಿ ಮಾರುತ್ತಿದ್ದರು. ಈ ಹುಡುಗಿಗೆ ಹೊಲಿಗೆ ಬರುತ್ತದೆ, ಇವಳಿಗೆ ವಾದ್ಯ ನುಡಿಸಲು ಬರುತ್ತದೆ, ಇವಳು ಸಿಹಿ ಮಾಡಬಲ್ಲಳು ಎಂದು ಗುಣಗಾನ ಮಾಡಿ ಬೆಲೆ ಏರಿಸುತ್ತಿದ್ದರು ಎಂದು ಪಿರಾರ್ ಹೇಳುತ್ತಾನೆ. ಇಂದು ಹಳೆ ಗೋವೆಗೆ ಹೋದ ಪ್ರವಾಸಿ ವೈಸ್‌ರಾಯ್ ಕಮಾನನ್ನು ದಾಟುತ್ತಾನೆ, ಬಾಂ ಜೀಸಸ್ ಚರ್ಚಿನಲ್ಲಿ ಸಂತ ಕ್ಸೇವಿಯರ್‌ರ ಪೆಟ್ಟಿಗೆಗೆ ಕೈಮುಗಿಯುತ್ತಾನೆ, ಸೇ ಕೆಥೆಡ್ರಲ್ಲಿನ ದೊಡ್ಡ ಗಂಟೆಯ ಬಗ್ಗೆ ಗೈಡ್ ಹೇಳುವುದನ್ನು ಕೇಳುತ್ತಾನೆ. ತಾನು ನಡೆದುಬಂದ ದಾರಿಯಲ್ಲಿ ಮನುಷ್ಯರ ಹರಾಜು ಆಗುತ್ತಿತ್ತೆಂದು ಅವನಿಗೆ ಗೊತ್ತಾಗುವುದು ಮನೆಗೆ ಬಂದು ಪುಸ್ತಕ ತೆರೆದರೆ ಮಾತ್ರ.

ಆಫ್ರಿಕದಿಂದ ಬಂದವರೆಲ್ಲ ಒಂದೇ ದಾರಿಯಲ್ಲಿ ಬಂದವರಲ್ಲ, ಒಂದೇ ಗತಿ ಕಂಡವರೂ ಅಲ್ಲ. ದಖ್ಖನಿನ ಸುಲ್ತಾನರ ಸೈನ್ಯಗಳಲ್ಲಿ ಹಬಶಿಗಳೆಂದು ಕರೆಸಿಕೊಂಡ ಆಫ್ರಿಕದವರು ದೊಡ್ಡ ಪದವಿಗೇರಿದರು. ಇಥಿಯೋಪಿಯದಲ್ಲಿ ಹುಟ್ಟಿ ಮತ್ತೆ ಮತ್ತೆ ಮಾರಾಟವಾದ ಮಲಿಕ್ ಅಂಬರ್ ಅಹಮದನಗರ ರಾಜ್ಯದ ಸೂತ್ರ ಹಿಡಿದು ಮೊಗಲರನ್ನು ವರ್ಷಗಟ್ಟಲೆ ತಡೆದ. 1626ರಲ್ಲಿ ತೀರಿಕೊಂಡಾಗ ಖುಲ್ದಾಬಾದಿನಲ್ಲಿ ಅವನಿಗೆ ಚೆಂದದ ಗೋರಿ ಎದ್ದಿತು. ಸೇನಾಪತಿಗೆ ಗೋರಿ ಸಿಕ್ಕಿತು. ಗೋವೆಯ ಅಡುಗೆಮನೆಯಿಂದ, ಪಲ್ಲಕ್ಕಿಯ ಕೊಂಬಿನಡಿಯಿಂದ, ತೋಟದಿಂದ ಇರುಳಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರಿಗೆ ಸಿಕ್ಕಿದ್ದು ಕಾಡು.

ಇಲ್ಲಿ ಕಾನೂನಿನ ಇಸವಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬ್ರಿಟಿಷರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿಯನ್ನು ತೆಗೆದ 1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟಿತ್ತು. ಭಾರತಕ್ಕೆ ಬಂದದ್ದು 1843ರ ಐದನೇ ಕಾಯ್ದೆ. ಕಂಪನಿಯ ನೆಲದಲ್ಲಿ ಯಾವ ನ್ಯಾಯಾಲಯವೂ ಮನುಷ್ಯನ ಮೇಲೆ ಮನುಷ್ಯನ ಒಡೆತನವನ್ನು ಒಪ್ಪಕೂಡದು ಎಂದು ಅದು ಹೇಳಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಯಲ್ಲಿತ್ತು. ಹಳಿಯಾಳ, ಸೂಪಾ, ಯಲ್ಲಾಪುರಗಳೂ ಅದರಲ್ಲಿ ಸೇರಿದ್ದವು. ಅತ್ತ ಪೋರ್ಚುಗಲ್ 1836ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತಾದರೂ ಗುಲಾಮಗಿರಿಯನ್ನು ರದ್ದುಮಾಡಿದ್ದು 1869ರಲ್ಲಿ. ಆಮೇಲೂ ಬಿಡುಗಡೆಯಾದವರು ಕೆಲವು ವರ್ಷ ಹಳೆಯ ಯಜಮಾನರಿಗೇ ದುಡಿಯಬೇಕೆಂಬ ಷರತ್ತು ಇತ್ತು.

ಅಂದರೆ 1843ರಿಂದ 1869ರವರೆಗೆ, ಸುಮಾರು ಕಾಲು ಶತಮಾನ, ಗೋವೆಯ ಗಡಿಯ ಈ ಘಟ್ಟಸಾಲು ಎರಡು ಕಾನೂನುಗಳ ನಡುವಿನ ಗೆರೆಯಾಗಿತ್ತು. ಕೆಳಗೆ ಒಬ್ಬ ಹೆಂಗಸು ಯಾರದೋ ಆಸ್ತಿ. ಅನಮೋಡದ ಕಡೆಗೆ, ತಿನೈಘಾಟಿನ ಕಡೆಗೆ ಏರಿ ಬಂದರೆ ಅವಳ ಮೇಲೆ ಹಕ್ಕು ಸಾಧಿಸಲು ಯಜಮಾನನಿಗೆ ಕೋರ್ಟಿಲ್ಲ. ಇಂದು ಬೆಳಗಾವಿಯಿಂದ, ಹುಬ್ಬಳ್ಳಿಯಿಂದ ಗೋವೆಗೆ ಹೋಗುವ ಬಸ್ಸುಗಳು ಇಳಿಯುವ ಇಳಿಜಾರು ಅದು. ಆ ಗೆರೆಯ ವಿಚಾರ ಅವಳಿಗೆ ತಿಳಿದಿತ್ತೋ ಇಲ್ಲವೋ, ಕಾಡು ಮಾತ್ರ ತಿಳಿದಿರಬೇಕು. ಅದಕ್ಕೂ ಹಿಂದೆ ಎಷ್ಟೋ ಜನ ಯಾವ ಕಾಯ್ದೆಯ ಆಸರೆಯೂ ಇಲ್ಲದೆ ಏರಿ ಬಂದಿದ್ದರು. ಕೆಲವರನ್ನು ಘಟ್ಟದ ಮೇಲಿನವರಿಗೇ ಮಾರಿದ್ದೂ ಉಂಟು.

ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳ ತಂಡ 2011ರಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿತು. ಆಫ್ರಿಕದ ಬಾಂಟು ಭಾಷಿಕ ಜನರ ಜೊತೆಗಿನ ನಂಟು ಸ್ಪಷ್ಟವಾಗಿ ಕಂಡಿತು. ಸ್ಥಳೀಯರೊಂದಿಗಿನ ಬೆರಕೆ ಹೆಚ್ಚಾಗಿ ಕಳೆದ ಇನ್ನೂರು ವರ್ಷಗಳೊಳಗಿನದು, ಸುಮಾರು ಎಂಟು ತಲೆಮಾರು, ಎಂದು ಅವರು ಲೆಕ್ಕ ಹಾಕಿದರು. ಎಂಟು ತಲೆಮಾರು ಎಂದರೆ ಪುರಾಣದ ಕಾಲವಲ್ಲ. ಮುತ್ತಜ್ಜಿಯ ಮುತ್ತಜ್ಜಿಯ ಆಚೆಗೆ ಇನ್ನೊಂದೆರಡು ಹೆಜ್ಜೆ.

ಆದರೂ ಹಾದಿಯ ಕಥೆಗಳು ಇಲ್ಲಿ ತೆಳುವಾಗಿವೆ. ಅಡಗಿ ಬದುಕಬೇಕಾದವರು ಎಲ್ಲಿಂದ ಬಂದೆವೆಂದು ಮಕ್ಕಳಿಗೆ ಹೇಳದೇ ಇರುವುದು ಸಹಜ. ಹೇಳಿದರೆ ಆ ಮಾತು ಸಂತೆಗೆ ಹೋಗುತ್ತದೆ, ಸಂತೆಯಿಂದ ಯಜಮಾನನ ಕಿವಿಗೆ. ಕಥೆ ತೆಳುವಾದಲ್ಲಿ ಮೈ ನೆನಪಿಟ್ಟುಕೊಂಡಿತು. ಡಮಾಮಿಯ ಚರ್ಮಕ್ಕೆ ಬಡಿದಾಗ ಏಳುವ ಹೆಜ್ಜೆ, ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನವರೆಗೆ ಸುತ್ತುತ್ತ ಹೊಲಿಯುವ ಕೌದಿ, ಮನೆಯೊಳಗಿನ ಹಿರಿಯರ ಪೂಜೆ. ಯಲ್ಲಾಪುರದ ಕಡೆಯ ಕಾಡಿನಲ್ಲಿ ಸಿದ್ದಿನಾಸ ಎಂಬ ತಾಣವಿದೆ; ವರ್ಷಕ್ಕೊಮ್ಮೆ ಅಲ್ಲಿ ಸೇರುವಾಗ ಮತ ಯಾವುದೆಂದು ಕೇಳುವುದಿಲ್ಲ ಎಂದು ಸಿದ್ದಿಗಳು ಹೇಳುತ್ತಾರೆ. ಸಿದ್ದಿ ಹೆಂಗಸರ ಕೌದಿಗಳು ಇಂದು ವಿದೇಶದ ವಸ್ತುಸಂಗ್ರಹಾಲಯಗಳ ಗೋಡೆಗೇರಿವೆ.

ಮಾರಿಷಸ್‌ನಲ್ಲಿ ಇದಕ್ಕೆ ಜೋಡಿಯಿದೆ. ಗುಲಾಮರು ಕಟ್ಟಿದ ಸೆಗಾ ಎಂಬ ಹಾಡು ಕುಣಿತ ಅಲ್ಲಿನದು. ಅದರ ಜೀವ ರಾವಾನ್ ಎಂಬ ಆಡಿನ ಚರ್ಮದ ವಾದ್ಯ. ನುಡಿಸುವ ಮೊದಲು ಅದನ್ನು ಬೆಂಕಿಯ ಕಾವಿಗೆ ಹಿಡಿದು ಬಿಗಿಮಾಡುತ್ತಾರೆ. 2014ರಲ್ಲಿ ಯುನೆಸ್ಕೊ ಸೆಗಾವನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಾಲದಲ್ಲಿ ಅದನ್ನು ಕೀಳು ಎಂದು ಮೂಗು ಮುರಿದವರ ಮೊಮ್ಮಕ್ಕಳು ಈಗ ಮದುವೆಗಳಲ್ಲಿ ಕುಣಿಯುತ್ತಾರೆ.

ಕನ್ನಡಕ್ಕೆ ಹೆಮ್ಮೆಯ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1980ರ ದಶಕದಲ್ಲಿ ನೀನಾಸಮ್‌ನ ಚಿದಂಬರ ರಾವ್ ಜಂಬೆಯವರು ಮಂಚಿಕೇರಿಯಲ್ಲಿ ಸಿದ್ದಿ ಕಲಾವಿದರನ್ನು ಕೂಡಿಸಿ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವನ್ನು ಆಡಿಸಿದರು. ನೈಜೀರಿಯದ ಚಿನುವ ಅಚಿಬೆಯವರ ಕಾದಂಬರಿಯ ರಂಗರೂಪ ಅದು. ಸಿದ್ದಿಗಳ ಹಿರಿಯರು ಬಂದದ್ದು ಆಫ್ರಿಕದ ಪೂರ್ವ ತೀರದಿಂದ, ಆ ಕಾದಂಬರಿಯ ಇಗ್ಬೊ ಜನರ ಊರು ಪಶ್ಚಿಮದಲ್ಲಿ. ಆದರೂ ನೂರಾರು ವರ್ಷಗಳ ನಂತರ ಆಫ್ರಿಕದ ಕಥೆಯೊಂದು ಆಫ್ರಿಕದ ಮಕ್ಕಳ ಬಾಯಿಗೆ ಮರಳಿ ಬಂದದ್ದು ಕನ್ನಡದಲ್ಲಿ. ಆ ದಾರಿಯಲ್ಲಿ ನಡೆದ ಗಿರಿಜಾ ಸಿದ್ದಿಯವರಂಥ ಗಾಯಕಿಯರು, ನಟರು ಕನ್ನಡ ರಂಗಭೂಮಿಗೆ ಬಂದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲ ಸಿದ್ದಿಯಾದರು.

ಸ್ಮಾರಕವನ್ನು ಹೇಗೆ ಕಟ್ಟಬೇಕು, ಹೇಗೆ ಕಟ್ಟಬಾರದು ಎಂಬುದಕ್ಕೆ ಜಗತ್ತಿನಲ್ಲಿ ಪಾಠಗಳು ಬೇಕಾದಷ್ಟಿವೆ. ಜಾಂಜಿಬಾರಿನ ಗುಲಾಮ ಸಂತೆ 1873ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಆಂಗ್ಲಿಕನ್ ಕೆಥೆಡ್ರಲ್ ಎದ್ದಿತು. ಚಾಟಿ ಬೀಸುವ ಕಂಬವಿದ್ದಲ್ಲೇ ಅದರ ಪೀಠವಿದೆಯೆಂದು ಹೇಳುತ್ತಾರೆ. ಪಕ್ಕದಲ್ಲಿ 1998ರಲ್ಲಿ ಸ್ವೀಡನ್ನಿನ ಶಿಲ್ಪಿ ಕ್ಲಾರಾ ಸೋರ್ನಾಸ್ ನೆಲ ತೋಡಿ, ಗುಂಡಿಯೊಳಗೆ ಐದು ಮನುಷ್ಯರನ್ನು ನಿಲ್ಲಿಸಿದರು. ಕೊರಳಿಗೆ ಕಬ್ಬಿಣದ ಸರಪಳಿ. ನೋಡುವವರು ಮೇಲೆ ನಿಂತು ಕೆಳಗೆ ನೋಡಬೇಕು, ಕೊಳ್ಳುವವರು ನಿಲ್ಲುತ್ತಿದ್ದ ಹಾಗೆ. ಮೊಣಕಾಲು ನಡುಗಿಸುವ ಶಿಲ್ಪ ಅದು. ಆದರೆ ಅಲ್ಲಿ ಗುಲಾಮ ಎಂದೆಂದಿಗೂ ಸರಪಳಿಯಲ್ಲೇ ಇರುತ್ತಾನೆ. ಲೆ ಮೋರ್ನ್ ತೋರಿಸುವುದು ಅವನು ಸರಪಳಿ ಕಳಚಿದ ಮೇಲೆ ಹೋದ ಜಾಗವನ್ನು. ಹಳಿಯಾಳದ ಕಾಡಿಗೆ ಹತ್ತಿರದ್ದು ಎರಡನೆಯದು.

ಅಮೃತಸರದ ಜಲಿಯನ್‌ವಾಲಾ ಬಾಗ್ ಇನ್ನೊಂದು ಪಾಠ ಹೇಳುತ್ತದೆ. 1919ರ ಏಪ್ರಿಲ್ 13ರಂದು ಡಯರ್‌ನ ಸಿಪಾಯಿಗಳು ಒಳನುಗ್ಗಿದ ಇಕ್ಕಟ್ಟಿನ ಓಣಿ, ಗುಂಡಿನ ತೂತುಗಳಿರುವ ಗೋಡೆ, ಜನ ಹಾರಿದ ಬಾವಿ, ಇವೇ ಅಲ್ಲಿ ಮಾತಾಡುತ್ತಿದ್ದವು. 2021ರಲ್ಲಿ ನವೀಕರಣ ಮಾಡಿದಾಗ ಆ ಓಣಿಯ ಗೋಡೆಗಳಿಗೆ ನಗುನಗುತ್ತ ನಡೆಯುವ ಜನರ ಉಬ್ಬುಶಿಲ್ಪಗಳು ಬಂದವು, ಸಂಜೆಗೆ ಬೆಳಕು ಧ್ವನಿಯ ಪ್ರದರ್ಶನ ಬಂತು. ಇತಿಹಾಸಕಾರರು ನೊಂದು ಪ್ರತಿಭಟಿಸಿದರು. ಅವರು ನೊಂದದ್ದು ಸರಿ. ನೋವಿನ ಜಾಗವನ್ನು ಅಲಂಕರಿಸಿದರೆ ನೋಡಲು ಬಂದವನು ಅಲಂಕಾರವನ್ನು ನೋಡಿ ಹೋಗುತ್ತಾನೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರ್ಕಾರದ್ದು ಒಂದು, ಜನರದ್ದು ಅದಕ್ಕಿಂತ ಬಹಳ ಹೆಚ್ಚು. ಅಲ್ಲಿನ ಸ್ಮಾರಕದಲ್ಲಿ ಹೆಸರುಗಳಿವೆ. ಹೆಸರು ಓದಿದಾಗ ಸತ್ತವರು ಯಾರದೋ ಮನೆಯವರಾಗುತ್ತಾರೆ. ಘಟ್ಟ ಹತ್ತಿ ಬಂದ ಸಿದ್ದಿಗಳಲ್ಲಿ ಕಲ್ಲಿನ ಮೇಲೆ ಬರೆಯಲು ಯಾರ ಹೆಸರಿದೆ? ಮಾರಿಷಸ್‌ನಲ್ಲಿ ಬ್ರಿಟಿಷರು ಗುಲಾಮರ ರಿಜಿಸ್ಟರು ಇಟ್ಟಿದ್ದರು. ಅದರಲ್ಲಿ ಯಜಮಾನ ಇಟ್ಟ ಹೆಸರುಗಳಾದರೂ ಉಳಿದಿವೆ. ಇಲ್ಲಿನವರು ಯಾರ ರಿಜಿಸ್ಟರಿಗೂ ಸಿಗದ ಹಾಗೆ ಓಡಿದವರು.

ಅಕ್ಕಪಕ್ಕದವರನ್ನೇ ನೋಡಿ. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟನ್ನರು ಪ್ರತಿ ವರ್ಷ ಮಾರ್ಚ್ 10ರಂದು 1959ರ ಲಾಸಾದ ದಂಗೆಯನ್ನು, ಅದರಲ್ಲಿ ಮಡಿದವರನ್ನು ನೆನೆಯುತ್ತಾರೆ. ನೆಲ ಕಳೆದುಕೊಂಡರೂ ಅವರ ಬಳಿ ಒಂದು ತಾರೀಖಿದೆ. ಕಾಳಿ ನದಿಗೆ ಅಣೆಕಟ್ಟು ಬಂದಾಗ ಸೂಪಾ ಪೇಟೆ ನೀರಿನಡಿಗೆ ಹೋಯಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಬಂದವು. ಅವರಿಗೆ ತಾವು ಬಿಟ್ಟುಬಂದ ಮನೆ ಯಾವ ನೀರಿನ ಕೆಳಗಿದೆ ಎಂದು ಬೆರಳು ಮಾಡಿ ತೋರಿಸಲು ಆಗುತ್ತದೆ. ಸಿದ್ದಿಗಳಿಗೆ ತಾರೀಖೂ ಇಲ್ಲ, ಬೆರಳು ಮಾಡಲು ಊರೂ ಇಲ್ಲ.

ಈ ಗುರುತಿಲ್ಲದಿರುವಿಕೆ ಬರೀ ಭಾವನೆಯ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ವಾಸವಿದ್ದುದನ್ನು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ರುಜುವಾತು ಮಾಡಬೇಕು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಸೇರಿದ್ದು 2020ರಲ್ಲಿ. ಅಲ್ಲಿಯವರೆಗೆ, ಜಿಲ್ಲೆಯ ಗಡಿಯ ಆಚೆ ಬದಿಯಲ್ಲಿ ಮನೆಯಿದ್ದ ಅದೇ ವಂಶದವರಿಗೆ ಕಾನೂನು 75 ವರ್ಷದ ಪುರಾವೆ ಕೇಳುತ್ತಿತ್ತು. ಹೆಜ್ಜೆಗುರುತು ಉಳಿಯದಂತೆ ಬಂದವರ ಮೊಮ್ಮಕ್ಕಳಿಗೆ ಹೆಜ್ಜೆಗುರುತು ತೋರಿಸಿ ಎಂದ ಹಾಗಾಯಿತು.

ನೆನಪಿಗೂ ನೆಲದ ಹಕ್ಕಿಗೂ ಇರುವ ಈ ನಂಟನ್ನು ಮಾರಿಷಸ್ ಅರ್ಥಮಾಡಿಕೊಂಡಿತು. 2009ರಲ್ಲಿ ಅಲ್ಲಿನ ಸರ್ಕಾರ ದಕ್ಷಿಣ ಆಫ್ರಿಕದ ಅಲೆಕ್ಸ್ ಬೊರೇನ್‌ರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ನ್ಯಾಯ ಆಯೋಗವನ್ನು ನೇಮಿಸಿತು. ಗುಲಾಮಗಿರಿ ಮತ್ತು ಕೂಲಿ ಕರಾರಿನ ಪರಿಣಾಮಗಳು ಇಂದಿನವರೆಗೆ ಹೇಗೆ ಹರಿದು ಬಂದಿವೆ ಎಂದು ನೋಡುವುದು ಅದರ ಕೆಲಸ. ನೆಲ ಕಳೆದುಕೊಂಡವರ ದೂರುಗಳನ್ನೂ ಅದೇ ಆಯೋಗ ಕೇಳಿತು. 2011ರ ಅದರ ವರದಿಯ ಶಿಫಾರಸಿನಿಂದ ಹುಟ್ಟಿದ ಗುಲಾಮಗಿರಿಯ ವಸ್ತುಸಂಗ್ರಹಾಲಯ ಪೋರ್ಟ್ ಲೂಯಿಯ ಹಳೆಯ ಮಿಲಿಟರಿ ಆಸ್ಪತ್ರೆಯ ಕಟ್ಟಡದಲ್ಲಿ 2023ರಲ್ಲಿ ತೆರೆಯಿತು. ಸ್ಮಾರಕ ಮತ್ತು ಜಮೀನಿನ ಪಟ್ಟೆ ಬೇರೆ ಬೇರೆ ಇಲಾಖೆಗಳ ಕಡತವೆಂದು ಆ ದೇಶ ಭಾವಿಸಲಿಲ್ಲ.

ಹಾಗಾದರೆ ಇಲ್ಲಿ ಆಗಬೇಕಾದದ್ದೇನು? ಮೊದಲನೆಯ ಕೆಲಸಕ್ಕೆ ಸಿಮೆಂಟು ಬೇಡ. ಎಂಬತ್ತು ದಾಟಿದ ಸಿದ್ದಿ ಹಿರಿಯರು ಪ್ರತಿ ವಾಡೆಯಲ್ಲೂ ಒಬ್ಬಿಬ್ಬರಿರುತ್ತಾರೆ. ಅವರ ಹಾಡು, ಮನೆತನದ ಕಥೆ, ಕಾಡಿನ ಜಾಗಗಳ ಹೆಸರು, ಹಿರಿಯರ ಪೂಜೆಯಲ್ಲಿ ಕರೆಯುವ ಹೆಸರುಗಳು, ಇವುಗಳನ್ನು ಅವರ ಕೊಂಕಣಿಯಲ್ಲೇ ಧ್ವನಿಮುದ್ರಿಸಿ ಕನ್ನಡ ಲಿಪಿಯಲ್ಲಿ ಬರೆದಿಡಬೇಕು. ಕಾಲೇಜಿಗೆ ಹೋಗುವ ಸಿದ್ದಿ ಹುಡುಗ ಹುಡುಗಿಯರು ಇದನ್ನು ಮಾಡಬಲ್ಲರು. ಈ ಉಪನ್ಯಾಸದ ದತ್ತಿಯ ಹಣ ಇದಕ್ಕೆ ಬಳಕೆಯಾದರೆ ಅದಕ್ಕಿಂತ ಒಳ್ಳೆಯ ವಿನಿಯೋಗವಿಲ್ಲ. ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ್ದು 1976ರಲ್ಲಿ. ಅವರು ಮಾತಾಡಿಸಿದ ತಲೆಮಾರು ಈಗಿಲ್ಲ.

ಎರಡನೆಯದು ಜಾಗದ ಮಾತು. ಊರ ನಡುವಿನ ವೃತ್ತಕ್ಕಿಂತ ಘಟ್ಟದ ಅಂಚು ಮೇಲು: ಗೋವೆಯ ಗಡಿಯಿಂದ ಏರಿ ಬರುವ ಹಳೆಯ ದಾರಿಯೊಂದರ ಮೇಲೆ, ಮರ ಕಡಿಯದೆ, ಕಾಡನ್ನು ಇದ್ದ ಹಾಗೇ ಬಿಟ್ಟು ಕಲ್ಲುಗಳನ್ನು ಇಡಬಹುದು. ಬರಹ ಕೊಂಕಣಿಯಲ್ಲೂ ಕನ್ನಡದಲ್ಲೂ ಇರಲಿ, ಮೊಜಾಂಬಿಕ್‌ನಿಂದ ಬಂದವರಿಗೆ ತಿಳಿಯುವಂತೆ ಪೋರ್ಚುಗೀಸಿನಲ್ಲೂ ಇರಲಿ. 1843 ಮತ್ತು 1869 ಎಂಬ ಎರಡು ಇಸವಿಗಳನ್ನು ಅಲ್ಲಿ ತಪ್ಪದೆ ಕೆತ್ತಬೇಕು. ಹಳೆ ಗೋವೆಯ ಆ ನೇರ ಬೀದಿಯಲ್ಲಿ ಕೂಡ ಒಂದು ಫಲಕ ಬೇಕು. ಅದಕ್ಕೆ ಗೋವಾ ಸರ್ಕಾರವನ್ನೂ ಪುರಾತತ್ವ ಇಲಾಖೆಯನ್ನೂ ಕೇಳುವುದು ಕರ್ನಾಟಕ ಸರ್ಕಾರದ ಕರ್ತವ್ಯ.

ದಿನದ ವಿಚಾರ ಉಳಿಯಿತು. ವಿಶ್ವಸಂಸ್ಥೆ ಮಾರ್ಚ್ 25ನ್ನು ಗುಲಾಮಗಿರಿಯ ಬಲಿಪಶುಗಳ ನೆನಪಿನ ದಿನವೆಂದು ಆಚರಿಸುತ್ತದೆ. 2015ರ ಆ ದಿನ ನ್ಯೂಯಾರ್ಕಿನ ಅದರ ಆವರಣದಲ್ಲಿ ಹೈಟಿ ಮೂಲದ ವಾಸ್ತುಶಿಲ್ಪಿ ರಾಡ್ನಿ ಲಿಯಾನ್ ರೂಪಿಸಿದ ಸ್ಮಾರಕ ತೆರೆಯಿತು. ಯುನೆಸ್ಕೊದ ದಿನ ಆಗಸ್ಟ್ 23, 1791ರಲ್ಲಿ ಹೈಟಿಯ ಗುಲಾಮರು ದಂಗೆಯೆದ್ದ ರಾತ್ರಿಯ ನೆನಪು. ಆಗಸ್ಟಿನಲ್ಲಿ ಇಲ್ಲಿ ಜಡಿಮಳೆ, ಗದ್ದೆಯ ಕೆಲಸ. ಇವೆರಡರಲ್ಲಿ ಒಂದೋ, ಸಿದ್ದಿನಾಸದಲ್ಲಿ ಸೇರುವ ದಿನವೋ, ಅಥವಾ ಹಿರಿಯರ ಪೂಜೆಯ ದಿನವೋ ಎಂಬುದನ್ನು ಆರಿಸುವ ಹಕ್ಕು ಸಿದ್ದಿ ಸಮುದಾಯದ್ದು. ಮೂರು ಮತಗಳ ಹಿರಿಯರು, ಮುಖ್ಯವಾಗಿ ಹೆಂಗಸರು, ಒಂದೆಡೆ ಕುಳಿತು ಅದನ್ನು ತೀರ್ಮಾನಿಸಲಿ. ಆ ಮೊದಲ ಕೂಟ ಯಾವ ವಾಡೆಯಲ್ಲಿ ನಡೆಯಬೇಕೆಂದು ಅವರು ಹೇಳಿದರೆ, ಚಾಪೆ ಹಾಸುವ, ಊಟಕ್ಕೆ ಅಕ್ಕಿ ತರುವ ಕೆಲಸವನ್ನು ಸಾಂಬ್ರಾಣಿಯ ಉಳಿದವರು ಹೊರಲಿ.